ಹೆಸರಿನ ಕೆಳಗಿನ ಸಾಲು

ನಮ್ಮ ಕಡೆ ಮನುಷ್ಯರ ಗುರುತು ಹತ್ತುವುದು ಮನೆಯಿಂದ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಹಿರಿಯರು ಯಾರೇ ಆಗಲಿ, ಕೇಳುತ್ತಿದ್ದ ಮೊದಲ ಮಾತು 'ಯಾವೂರವ್ವ?' ಕ್ಯಾತನಹಳ್ಳಿ ಎಂದರೆ ಎರಡನೆಯದು 'ಯಾರ ಮಗಳು?' ಅಪ್ಪನ ಹೆಸರು ಹೇಳಿದರೆ ಮೂರನೆಯದು 'ಮನೆ ಯಾವ ಬೀದೀಲಿ ಬತ್ತದೆ?' ಅಷ್ಟರಲ್ಲಿ ಅವರಿಗೆ ಬೇಕಾದ್ದೆಲ್ಲ ಸಿಕ್ಕಿರುತ್ತಿತ್ತು. ಅಪ್ಪನ ಹೆಸರಿನಲ್ಲಿ ಜಮೀನು ಎಷ್ಟೆಂಬುದು, ಬೀದಿಯ ಹೆಸರಿನಲ್ಲಿ ಜಾತಿ ಯಾವುದೆಂಬುದು, ಎರಡನ್ನೂ ಕೂಡಿಸಿದರೆ ನನ್ನ ಜೊತೆ ಯಾವ ದನಿಯಲ್ಲಿ ಮಾತಾಡಬೇಕೆಂಬುದು. 'ಏನ್ ಕಲಿತಿದ್ದೀಯೆ, ಏನ್ ಕೆಲಸ ಬತ್ತದೆ ನಿಂಗೆ?' ಎಂಬ ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಸಾಮಾನ್ಯವಾಗಿ ಬಸ್ಸು ಬಂದುಬಿಡುತ್ತಿತ್ತು.

ನನ್ನ ಹೊಟ್ಟೆಪಾಡು ನಡೆದದ್ದು ಆ ನಾಲ್ಕನೆಯ ಪ್ರಶ್ನೆಯ ಮೇಲೆ. ಬೆಂಗಳೂರಿನಲ್ಲಿ ನಾನು ಮಾಡಿದ್ದು ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ. ಊರಿನಲ್ಲಿ ಇದನ್ನು ಬಿಡಿಸಿ ಹೇಳುವ ತಾಪತ್ರಯವೇ ಬೇಡವೆಂದು ಅವ್ವ 'ಕೆಲಸ ಕೊಡಿಸೋ ಕೆಲಸ ಮಾಡ್ತಾವ್ಳೆ' ಎಂದು ಹೇಳಿಬಿಟ್ಟಿದ್ದಳು. ನನ್ನ ವಿಚಾರವಾಗಿ ಯಾರಾದರೂ ಬರೆದ, ಆಡಿದ ಪರಿಚಯಗಳಲ್ಲೆಲ್ಲ ಅತ್ಯಂತ ಫಲ ಕೊಟ್ಟದ್ದು ಅದೇ. ಹಬ್ಬಕ್ಕೆ ಹೋದಾಗಲೆಲ್ಲ ಜಗಲಿ ತುಂಬ ಹುಡುಗರು, ಅವರ ಹಿಂದೆ ಅವರ ಅಪ್ಪಂದಿರು. ಕೊಡಿಸುವುದು ನನ್ನ ಕೈಯಲ್ಲಿರಲಿಲ್ಲ, ಹುಡುಕುವುದಷ್ಟೇ ಇತ್ತು ಎಂಬುದನ್ನು ಅವರಿಗೆ ಅರ್ಥ ಮಾಡಿಸುವುದೇ ನನ್ನ ಹಬ್ಬ.

ಊರಿಗೂ ಒಂದು ಗುರುತಿನ ಸಾಲಿತ್ತು. ಮಂಡ್ಯ, ಮೈಸೂರಿನ ಕಡೆಯವರಿಗೆ ಕ್ಯಾತನಹಳ್ಳಿ ಎಂದರೆ 'ಪುಟ್ಟಣ್ಣಯ್ಯನೋರ ಊರಾ?' ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರ ಕ್ಷೇತ್ರದಿಂದಲೂ 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದಲೂ ವಿಧಾನಸಭೆಗೆ ಹೋದವರು. 2018ರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತವಾಗಿ ಹೋದರು. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಊರಿನ ಹೆಸರು ಹೇಳಿದ ತಕ್ಷಣ ಎದುರಿನವರ ಮುಖ ಅರಳಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅರಳಿದ ಮುಖ ಊರಿಗೆ ಸೇರಿದ್ದು. ಕುರ್ಚಿಯಲ್ಲಿ ಕೂತ ನಾನು ಯಾರು, ನನಗೇನು ಬರುತ್ತದೆ ಎಂಬುದನ್ನು ಆಮೇಲೂ ನಾನೇ ಹೇಳಬೇಕಿತ್ತು.

ಕೆಲಸದಿಂದ ಮನುಷ್ಯರನ್ನು ಹುಡುಕುವ ಪದ್ಧತಿ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದೇನಲ್ಲ. ಐಟಿಐಯಲ್ಲಿ ಫಿಟ್ಟರ್ ಓದಿದ್ದ ನಮ್ಮ ಚಿಕ್ಕಪ್ಪನ ಟ್ರಂಕಿನಲ್ಲಿ ಉದ್ಯೋಗ ವಿನಿಮಯ ಕಚೇರಿಯ ಕಾರ್ಡೊಂದು ಇತ್ತು. ಮೂರು ವರ್ಷಕ್ಕೊಮ್ಮೆ ಹೋಗಿ ನವೀಕರಿಸಿಕೊಂಡು ಬರಬೇಕು, ತಪ್ಪಿದರೆ ಸರದಿ ತಪ್ಪಿತು. ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸಲೇಬೇಕೆಂದು ಕಾಯ್ದೆ ಆದದ್ದು 1959ರಲ್ಲಿ. ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ಅವರ ಕಸುಬಿಗೆ ತಕ್ಕ ಸಂಕೇತ ಸಂಖ್ಯೆ ಹಾಕುತ್ತಿದ್ದರು. ಅದಕ್ಕೆಂದೇ ಭಾರತ ಸರ್ಕಾರ ಕಸುಬುಗಳ ವರ್ಗೀಕರಣದ ಪುಸ್ತಕ ಮಾಡಿ, 1958ರಿಂದ ಇಲ್ಲಿಯವರೆಗೆ ಅದನ್ನು ತಿದ್ದುತ್ತ ಬಂದಿದೆ. ಕಾರ್ಖಾನೆಯಿಂದ ಬೇಡಿಕೆ ಬಂದಾಗ ಗುಮಾಸ್ತರು ಆ ಸಂಖ್ಯೆಯ ಕಾರ್ಡುಗಳನ್ನು ಹೊರಗೆಳೆಯುತ್ತಿದ್ದರು. ಚಿಕ್ಕಪ್ಪ ಶ್ರಮಜೀವಿಯೋ ಸೋಮಾರಿಯೋ, ಉತ್ಸಾಹಿಯೋ ಅಲ್ಲವೋ, ಆ ಕಾರ್ಡಿನಲ್ಲಿ ಜಾಗ ಇರಲಿಲ್ಲ. ಫಿಟ್ಟರ್ ಎಂಬುದಕ್ಕೆ ಮಾತ್ರ ಜಾಗ ಇತ್ತು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಾರ್ಡು ಹೋಗಿ ನೌಕ್ರಿ ಡಾಟ್ ಕಾಮ್ ಬಂದಿತ್ತು. 1997ರಲ್ಲಿ ಶುರುವಾದ ಅದರಲ್ಲಿ 'ರೆಸ್ಯೂಮೆ ಹೆಡ್‌ಲೈನ್' ಎಂಬ ಖಾನೆಯನ್ನು ನಮ್ಮ ಹುಡುಗರು ಮದುವೆ ಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಡಿಗ್ರಿ ಹಾಕಿಸುವ ಹಾಗೆ ತುಂಬುತ್ತಿದ್ದರು: ಬಿ.ಇ., ಪ್ರಥಮ ದರ್ಜೆ, ಅಷ್ಟೇ. ಆಮೇಲೆ ಲಿಂಕ್ಡ್‌ಇನ್ ಬಂತು. 2003ರಲ್ಲಿ ಅಮೆರಿಕದಲ್ಲಿ ಶುರುವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ತಾಣದಲ್ಲಿ ಈಗ ಭಾರತದವರೇ ಹತ್ತು ಕೋಟಿಗೂ ಹೆಚ್ಚು. ಅಲ್ಲಿ ಫೋಟೊ, ಫೋಟೊದ ಪಕ್ಕ ಹೆಸರು, ಹೆಸರಿನ ಕೆಳಗೆ ಒಂದು ಸಾಲು. ಆ ಸಾಲಿಗೆ ಹೆಡ್‌ಲೈನ್ ಎಂದು ಹೆಸರು. ನಾವೇನೂ ಬರೆಯದೆ ಬಿಟ್ಟರೆ ಈಗಿರುವ ಹುದ್ದೆ, ಕಂಪನಿ ಎರಡನ್ನೂ ಅದೇ ಜೋಡಿಸಿ ಹಾಕಿಕೊಳ್ಳುತ್ತದೆ. ಮೊದಲು ಆ ಸಾಲಿಗೆ 120 ಅಕ್ಷರಗಳ ಮಿತಿ ಇತ್ತು, 2020ರಲ್ಲಿ 220ಕ್ಕೆ ಏರಿಸಿದರು.

ಮೇಜಿನ ಈ ಕಡೆ ಕೂತವರಿಗೆ ಆ ಸಾಲು ಹೇಗೆ ಕಾಣುತ್ತದೆ ಎಂಬುದು ಆ ಕಡೆ ಕೂತವರಿಗೆ ಗೊತ್ತಿರುವುದಿಲ್ಲ. ಕಂಪನಿಯವರು ನನಗೆ 'ಒಳ್ಳೆ ಹುಡುಗ ಬೇಕು' ಎಂದು ಹೇಳಿ ಕಳಿಸುತ್ತಿರಲಿಲ್ಲ. ಮೈಸೂರಿನ ಘಟಕಕ್ಕೆ ಮೇಂಟೆನೆನ್ಸ್ ಟೆಕ್ನಿಷಿಯನ್ ಬೇಕು, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಗೊತ್ತಿರಬೇಕು, ಪಾಳಿಯಲ್ಲಿ ದುಡಿಯಬೇಕು ಎನ್ನುತ್ತಿದ್ದರು. ನಾನು ಆ ಮಾತುಗಳನ್ನೇ ಹುಡುಕುವ ಪಟ್ಟಿಯಲ್ಲಿ ಒತ್ತುತ್ತಿದ್ದೆ. ಹುದ್ದೆಯ ಹೆಸರಿಗೆ ಬೇರೆ ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ರೂಢಿ ಇರುವುದರಿಂದ 'ಇದು ಅಥವಾ ಅದು' ಎಂದು ಎರಡು ಮೂರು ಹೆಸರು ಕೊಡುತ್ತಿದ್ದೆ, ಊರಿನ ಹೆಸರು ಸೇರಿಸುತ್ತಿದ್ದೆ. ಆಗ ತೆರೆಯ ಮೇಲೆ ಸಾಲುಗಟ್ಟಿ ಬರುವುದು ಫೋಟೊ, ಹೆಸರು, ಆ ಒಂದು ಸಾಲು. ಮೊಬೈಲಿನಲ್ಲಾದರೆ ಆ ಸಾಲೂ ಪೂರ್ತಿ ಇರುವುದಿಲ್ಲ, ಮೊದಲ ಕೆಲವು ಪದ ಕಾಣಿಸಿ ಉಳಿದದ್ದು ಚುಕ್ಕಿಗಳಾಗಿ ಮುಗಿಯುತ್ತದೆ. ಯಾರನ್ನು ತೆರೆದು ನೋಡಬೇಕು, ಯಾರನ್ನು ದಾಟಿ ಹೋಗಬೇಕು ಎಂದು ಕಣ್ಣು ತೀರ್ಮಾನಿಸುವುದು ಅಷ್ಟರಲ್ಲೇ. ಪರಿಚಯದ ಕೋರಿಕೆ ಕಳಿಸಿದರೂ ಅದೇ ಸಾಲು ಹಿಂದೆ ಹೋಗುತ್ತದೆ, ಎಲ್ಲಾದರೂ ಅಭಿಪ್ರಾಯ ಬರೆದರೂ ಅದೇ ಸಾಲು ಹೆಸರಿನ ಕೆಳಗೆ ಅಂಟಿಕೊಂಡಿರುತ್ತದೆ.

2020ರ ಲಾಕ್‌ಡೌನಿನಲ್ಲಿ ಈ ಸಾಲು ನಮ್ಮ ಬೀದಿಗೇ ಬಂತು. ಬೆಂಗಳೂರಿನಿಂದ, ಹೈದರಾಬಾದಿನಿಂದ, ಪುಣೆಯಿಂದ ಹುಡುಗ ಹುಡುಗಿಯರೆಲ್ಲ ಊರಿಗೆ ಬಂದಿಳಿದಿದ್ದರು. ಕೆಲಸ ಇದ್ದವರು ತಾರಸಿಯ ಮೇಲೆ ಸಿಗ್ನಲ್ ಹುಡುಕಿ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದರು. ಕೆಲಸ ಹೋದವರೂ ಅದೇ ತಾರಸಿಯ ಮೇಲೆ ಅದೇ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದರು, ಅಪ್ಪ ಅವ್ವನಿಗೆ ವ್ಯತ್ಯಾಸ ಗೊತ್ತಾಗದಿರಲಿ ಎಂದು. ಆ ವರ್ಷವೇ ಲಿಂಕ್ಡ್‌ಇನ್‌ನಲ್ಲಿ ಫೋಟೊದ ಸುತ್ತ ಹಸಿರು ಬಳೆ ಬಂದದ್ದು, ಕೆಲಸ ಹುಡುಕುತ್ತಿದ್ದೇನೆ ಎಂಬುದರ ಗುರುತು.

ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲಿದ್ದು ಕೆಲಸ ಕಳಕೊಂಡ ನಮ್ಮ ಬೀದಿಯ ಹುಡುಗ, ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಒಂದು ಸಂಜೆ ಮೊಬೈಲು ಚಾಚಿದ. ಅವನ ಸಾಲು ಹೀಗಿತ್ತು: 'ಡೈನಾಮಿಕ್ ಅಂಡ್ ಪ್ಯಾಷನೇಟ್ ಪ್ರೊಫೆಷನಲ್ ಸೀಕಿಂಗ್ ಚಾಲೆಂಜಿಂಗ್ ಆಪರ್ಚುನಿಟೀಸ್.'

'ಇದ್ರಲ್ಲಿ ನೀನೆಲ್ಲಿದ್ದೀಯಪ್ಪ?' ಎಂದೆ.

'ಎಲ್ರೂ ಇಂಗೇ ಹಾಕವ್ರೆ ಕನಕ್ಕ.'

'ಫ್ಯಾಕ್ಟರೀಲಿ ಏನ್ ಮಾಡ್ತಿದ್ದೆ?'

'ಮೇಂಟೆನೆನ್ಸು.'

'ಅಂದ್ರೆ?'

'ಲೈನ್ ನಿಂತೋದ್ರೆ ಓಡ್ಸೋದು.'

ಇಂಗ್ಲಿಷಿನ ಅಷ್ಟುದ್ದ ಸಾಲಿನಲ್ಲಿ ಇಲ್ಲದ ಮನುಷ್ಯ ಈ ಮೂರು ಪದದಲ್ಲಿ ಪೂರ್ತಿ ಇದ್ದ. ಮುಂದೆ ಕೇಳುತ್ತ ಹೋದೆ. ಯಾವ ಲೈನು? ಹೈಡ್ರಾಲಿಕ್ ಪ್ರೆಸ್ಸು, ಅದಕ್ಕೆ ಸೇರಿದ ಕನ್ವೇಯರು. ನಿಂತಾಗ ಮೊದಲು ಏನು ನೋಡುತ್ತಿದ್ದೆ? ಸೆನ್ಸರು, ಆಮೇಲೆ ಎಣ್ಣೆಯ ಒತ್ತಡ, ಅದೂ ಸರಿ ಇದ್ದರೆ ಪಿಎಲ್‌ಸಿಯಲ್ಲಿ ಯಾವ ದೀಪ ಕೆಂಪಾಗಿದೆ ಎಂಬುದು. ಯಾವ ಕಂಪನಿಯ ಪಿಎಲ್‌ಸಿ? ಸೀಮೆನ್ಸ್. ಜಗಲಿಯ ಇನ್ನೊಂದು ತುದಿಯಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ ಅವನಪ್ಪ, 'ಇಷ್ಟೆಲ್ಲ ಮಾಡ್ತಿದ್ನಾ ಇವ್ನು? ನಾನು ಮಿಷನ್ ಒರೆಸ್ತಾನೆ ಅಂದ್ಕಂಡಿದ್ದೆ' ಎಂದರು. ಮಗ ದುಡಿಯಲು ಹೋಗಿ ವರ್ಷಗಳಾಗಿದ್ದರೂ ಅವನ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಂಬಳ ಎಷ್ಟು ಎಂದು ಕೇಳಿದ್ದರು, ಕಂಪನಿ ಯಾವುದು ಎಂದು ಕೇಳಿದ್ದರು, ಅಷ್ಟೇ.

ಆ ಸಂಜೆ ಕೂತು ಬರೆದದ್ದು ಇದು: 'ಮೇಂಟೆನೆನ್ಸ್ ಟೆಕ್ನಿಷಿಯನ್, ಡಿಪ್ಲೊಮಾ ಮೆಕ್ಯಾನಿಕಲ್ | ಹೈಡ್ರಾಲಿಕ್ ಪ್ರೆಸ್, ಕನ್ವೇಯರ್, ಸೀಮೆನ್ಸ್ ಪಿಎಲ್‌ಸಿ | ಬಿಡದಿ, ಮೈಸೂರು.' ಅವನಿಗೆ ಸಮಾಧಾನವಾಗಲಿಲ್ಲ. 'ಇಷ್ಟು ಸಪ್ಪೆ ಇದ್ರೆ ಯಾರ್ ನೋಡ್ತಾರಕ್ಕ?' ಎಂದ.

ಅವನಿಗೆ ಒಂದೊಂದಾಗಿ ಹೇಳಿದೆ. ಹುದ್ದೆಯ ಹೆಸರು ಮೊದಲಿಗೇ ಇರಬೇಕು, ಏಕೆಂದರೆ ಮೊಬೈಲಿನಲ್ಲಿ ಕತ್ತರಿ ಬೀಳುವ ಮುನ್ನ ಕಾಣುವುದು ಅದೊಂದೇ. ಆ ಹೆಸರು ಕಾರ್ಖಾನೆಯವರು ತಮ್ಮ ಜಾಹೀರಾತಿನಲ್ಲಿ ಬಳಸುವ ಹೆಸರೇ ಆಗಿರಬೇಕು. ನೀನು ಚಂದ ಕಾಣಲೆಂದು ಹೊಸ ಹೆಸರು ಕಟ್ಟಿದರೆ ಯಾರೂ ಆ ಹೆಸರನ್ನು ಒತ್ತಿ ಹುಡುಕುವುದಿಲ್ಲ. ಎರಡನೆಯ ತುಂಡಿನಲ್ಲಿ ಕೈಗೆ ಬರುವ ಯಂತ್ರ, ಉಪಕರಣ, ಸಾಫ್ಟ್‌ವೇರುಗಳ ಹೆಸರು. ಮೇಂಟೆನೆನ್ಸ್ ಎಂದು ಹಾಕಿಕೊಂಡವರು ಲಕ್ಷ ಜನ, ಹೈಡ್ರಾಲಿಕ್ ಪ್ರೆಸ್ ಎಂದು ಬರೆದವರು ಅದರಲ್ಲಿ ಕೆಲವೇ ಮಂದಿ, ಪ್ರೆಸ್ ಇರುವ ಕಾರ್ಖಾನೆಗೆ ಬೇಕಾದವರೂ ಆ ಕೆಲವರೇ. ಕೊನೆಯಲ್ಲಿ ಜಾಗ, ಎಲ್ಲಿಗೆ ಬರಲು ತಯಾರು ಎಂದು. ಕೆಲಸ ಹುಡುಕುತ್ತಿದ್ದೇನೆ ಎಂಬ ಮಾತನ್ನು ಸಾಲಿನೊಳಗೆ ತರುವುದು ಬೇಡ, ಅದನ್ನು ಹಸಿರು ಬಳೆ ಹೇಳುತ್ತದೆ. ಇನ್ನು ಪ್ಯಾಷನೇಟ್ ಎಂಬುದನ್ನು ನಾನು ನನ್ನ ಇಡೀ ಕೆಲಸದ ಅವಧಿಯಲ್ಲಿ ಒಮ್ಮೆಯೂ ಹುಡುಕುವ ಪಟ್ಟಿಯಲ್ಲಿ ಒತ್ತಿದ್ದಿಲ್ಲ.

ಸಾಲು ಬದಲಿಸಿದ್ದರಿಂದ ಅವನಿಗೆ ಕೆಲಸ ಸಿಕ್ಕಿತು ಎಂದು ಹೇಳಿಕೊಳ್ಳಲಾರೆ. ಕಾರ್ಖಾನೆಗಳು ಮತ್ತೆ ತೆರೆದಾಗ ಕರೆ ಬಂತು, ಪ್ರೆಸ್ಸಿನ ಬಗ್ಗೆಯೇ ಕೇಳಿದರು, ಅವನಿಗೆ ಉತ್ತರ ಗೊತ್ತಿತ್ತು. ಸಾಲು ಮಾಡಿದ್ದು ಅವನನ್ನು ಆ ಫೋನಿನವರೆಗೆ ಮುಟ್ಟಿಸಿದ್ದು.

ದೊಡ್ಡ ಮಾತಿನ ಚಟ ಹುಡುಗರಿಗೆ ಎಲ್ಲಿಂದ ಬಂತೆಂದು ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಪಾಂಡವಪುರದ ಯಾವ ಸರ್ಕಲಿನಲ್ಲಾದರೂ ತಲೆ ಎತ್ತಿದರೆ ಸಾಕು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕದ ಯುವಕ, ಕೆಳಗೆ ಸಾಲು ಸಾಲು ಬಿರುದು: ಯುವ ಮುಖಂಡರು, ಸಮಾಜ ಸೇವಕರು, ಕೊಡುಗೈ ದಾನಿಗಳು, ಬಡವರ ಬಂಧು. ಪೂರ್ತಿ ಓದಿದರೂ ಆ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆಂದು ತಿಳಿಯುವುದಿಲ್ಲ. ಅಂಥ ಒಬ್ಬರ ಫ್ಲೆಕ್ಸ್ ನೋಡಿ ವಿಚಾರಿಸಿದರೆ ಅವರದು ಜೆಸಿಬಿ ಬಾಡಿಗೆಯ ವ್ಯವಹಾರ. ಗದ್ದೆ ಮಟ್ಟ ಮಾಡಲು, ಕಾಲುವೆ ಹೂಳು ತೆಗೆಯಲು ಸುತ್ತ ಹತ್ತಾರು ಹಳ್ಳಿಗೆ ಬೇಕಾದ ಮನುಷ್ಯ. ಫ್ಲೆಕ್ಸಿನಲ್ಲಿ ಜೆಸಿಬಿಯ ಸುದ್ದಿಯೇ ಇಲ್ಲ! ಊರಿಗೆ ಬೇಕಿದ್ದದ್ದು ಜೆಸಿಬಿ, ಅವರು ಬರೆಸಿದ್ದು ಕೊಡುಗೈ ದಾನಿ.

ಲಿಂಕ್ಡ್‌ಇನ್ ಕಂಪನಿಯೇ ಕೆಲ ವರ್ಷ ತನ್ನ ಸದಸ್ಯರು ಸವೆಸಿ ಸವಕಲು ಮಾಡಿದ ಪದಗಳ ಪಟ್ಟಿ ಹೊರಡಿಸುತ್ತಿತ್ತು. 2011, 2012ರ ಪಟ್ಟಿಗಳಲ್ಲಿ ಮೊದಲ ಸ್ಥಾನ 'ಕ್ರಿಯೇಟಿವ್' ಎಂಬುದಕ್ಕೆ ಸಿಕ್ಕಿತ್ತು. ಎಲ್ಲರೂ ಸೃಜನಶೀಲರೆಂದು ಬರೆದುಕೊಂಡ ಮೇಲೆ ಸೃಜನಶೀಲರನ್ನು ಹುಡುಕುವವರಿಗೆ ಆ ಪದದಿಂದ ಉಪಯೋಗವೇನು? ಫ್ಲೆಕ್ಸಿನದೂ ಇದೇ ಕಥೆ. ತಾಲ್ಲೂಕಿನಲ್ಲಿ ಯುವ ಮುಖಂಡರಲ್ಲದ ಯುವಕರೇ ಉಳಿದಿಲ್ಲ.

ಒಳ್ಳೆಯ ಸಾಲಿನ ಮಾದರಿ ಬೇಕೆಂದರೆ ಅದೂ ನಮ್ಮ ಕಡೆಯ ರಸ್ತೆಯ ಬದಿಯಲ್ಲೇ ಸಿಗುತ್ತಿತ್ತು. 1980ರಲ್ಲಿ ನವಲಗುಂದ, ನರಗುಂದದ ಚಳವಳಿಯ ಬೆನ್ನಿಗೆ ರೈತಸಂಘ ಹುಟ್ಟಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳ್ತನದಲ್ಲಿ ಹಳ್ಳಿಗಳಿಗೆ ಹಬ್ಬಿದ ಕಾಲದಲ್ಲಿ ಎಷ್ಟೋ ಊರುಗಳ ಮುಂದೆ ಬೋರ್ಡು ನಿಂತಿದ್ದವು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಎಂಬುದು ಅವುಗಳ ಸಾರಾಂಶ. ಸಾಲ ವಸೂಲಿಗೆಂದು ಜೀಪು ತಂದು ಮನೆಯ ಬಾಗಿಲು, ಪಾತ್ರೆ ಪಗಡ ಜಪ್ತಿ ಮಾಡುತ್ತಿದ್ದ ದಿನಗಳು ಅವು. ಆ ಬೋರ್ಡಿನ ಮುಂದೆ ಜೀಪು ನಿಂತು, ಒಳಗಿದ್ದವರು ಇಳಿದು ಕೇಳಿಕೊಂಡು ಬರುತ್ತಿದ್ದುದನ್ನು ದೊಡ್ಡಪ್ಪ ಹೇಳುತ್ತಿದ್ದರು. 'ಅದ್ರಲ್ಲಿ ನಮ್ಮನ್ನ ಹೊಗಳ್ಕಂಡಿರ್ನಿಲ್ಲ ಕನವ್ವ. ಬರೋನು ಯಾರು, ಅವ್ನೇನ್ ಮಾಡ್ಬೇಕು, ಅಷ್ಟೇ ಇದ್ದುದ್ದು' ಎಂದು ಅವರು ಹೇಳಿದ ಮಾತು ನನ್ನ ಕಸುಬಿಗೆ ಯಾವ ತರಬೇತಿಗಿಂತಲೂ ಹೆಚ್ಚು ಬಂತು. ಬೋರ್ಡು ಬರೆದವರು ತಾವು ಎಂಥ ಧೀರರೆಂದು ಬರೆಯಬಹುದಿತ್ತು. ಅವರು ರಸ್ತೆಯಲ್ಲಿ ಬರುವವನ ಕಣ್ಣಿನಿಂದ ಬರೆದರು. ಹೆಡ್‌ಲೈನ್ ಬರೆಯಲು ಕೂತವರಿಗೆ ನಾನು ಕೇಳುವುದು ಇದನ್ನೇ: ಈ ಸಾಲಿನ ಮುಂದೆ ಬಂದು ನಿಲ್ಲಬೇಕಾದವರು ಯಾರು?

ನಮ್ಮ ಅತ್ತಿಗೆಗೆ ಇದೇ ಪ್ರಶ್ನೆ ಕೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮದುವೆಗೆ ಮುಂಚೆ ಮೈಸೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದವಳು. ಮಕ್ಕಳು, ಅತ್ತೆ ಮಾವ, ಗದ್ದೆ ಎಂದು ಕೆಲಸ ಬಿಟ್ಟು ವರ್ಷಗಳು ಕಳೆದಿದ್ದವು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ದುಡಿಯಬೇಕೆಂಬ ಆಸೆ. ಹೆಸರಿನ ಕೆಳಗೆ 'ಹೌಸ್‌ವೈಫ್' ಎಂದು ಬರೆದಿದ್ದಳು. ಬೇರೆ ಏನು ಬರೆಯುವುದು ಎಂದರೆ, 'ಏನ್ ಮಾಡ್ದೆ ನಾನು? ಮನೇಲಿದ್ದೆ' ಎಂದಳು.

ಮನೆಯಲ್ಲಿದ್ದುಕೊಂಡೇ ಅವಳು ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆದಿದ್ದಳು. ಉಳಿತಾಯ, ಒಳಸಾಲ, ಬಡ್ಡಿ, ಬ್ಯಾಂಕಿನಿಂದ ಬಂದ ಸಾಲದ ಕಂತು, ಎಲ್ಲ ಅವಳ ಕೈಬರಹ. ಹಾಲು ಉತ್ಪಾದಕರ ಸಹಕಾರ ಸಂಘದ ಆಡಿಟ್ ಬಂದಾಗ ಕಾರ್ಯದರ್ಶಿಗಳು ಹುಡುಕಿಕೊಂಡು ಬರುತ್ತಿದ್ದದ್ದು ಇವಳನ್ನೇ. ಹಾಲಿನ ಡಿಗ್ರಿ, ಕೊಬ್ಬಿನಂಶ, ಲೀಟರಿನ ದರ, ವಾರದ ಬಟವಾಡೆ ಇವನ್ನು ತಾಳೆ ನೋಡುವುದು ಇವಳಿಗೆ ನೀರು ಕುಡಿದ ಹಾಗೆ. ಟ್ಯಾಲಿ ಮರೆತಿರಲಿಲ್ಲ. ಜಿಎಸ್‌ಟಿ 2017ರಲ್ಲಿ ಬಂದಾಗ ತವರಿನ ಅಂಗಡಿಗೆಂದು ಕಲಿತುಕೊಂಡಿದ್ದಳು. ಇಷ್ಟನ್ನೂ ಅವಳು ಕೆಲಸದ ಲೆಕ್ಕಕ್ಕೆ ಹಿಡಿದಿರಲಿಲ್ಲ, ಏಕೆಂದರೆ ಅದಕ್ಕೆ ಸಂಬಳದ ಚೀಟಿ ಇರಲಿಲ್ಲ.

ಕೊನೆಗೆ ಅವಳ ಸಾಲು ಹೀಗಾಯಿತು: 'ಅಕೌಂಟೆಂಟ್ | ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ | ಸಹಕಾರ ಸಂಘ ಹಾಗೂ ಸ್ವಸಹಾಯ ಸಂಘಗಳ ಲೆಕ್ಕಪತ್ರ | ಪಾಂಡವಪುರ, ಮೈಸೂರು.' ನಡುವಿನ ವರ್ಷಗಳನ್ನು ಮುಚ್ಚಿಡಲಿಲ್ಲ. 2022ರಿಂದ ಲಿಂಕ್ಡ್‌ಇನ್‌ನಲ್ಲಿ ಬಿಡುವಿನ ವರ್ಷಗಳನ್ನು ಕಾರಣ ಸಮೇತ ತೋರಿಸುವ ಅನುಕೂಲ ಇದೆ, ಅದನ್ನು ಅದರ ಜಾಗದಲ್ಲಿ ಹಾಕಿದಳು. ಸಾಲಿನಲ್ಲಿ ಉಳಿದದ್ದು ಇವತ್ತು ಅವಳಿಂದ ಆಗುವ ಕೆಲಸ. ಅಣ್ಣ ಅದನ್ನು ಓದಿ, 'ಇದ್ನೆಲ್ಲ ಹಾಕಿದ್ರೆ ಊರೋರೆಲ್ಲ ಲೆಕ್ಕ ಬರ್ಕೊಡು ಅಂತ ಬತ್ತರಷ್ಟೇ' ಎಂದು ನಕ್ಕ. 'ಬರ್ಲಿ, ಈಸಲ ದುಡ್ಡು ಇಸ್ಕತೀನಿ' ಎಂದಳು.

ಇಷ್ಟು ಜನರಿಗೆ ಬರೆದುಕೊಡುತ್ತಿದ್ದಾಗ ನನಗೆ ಇದು ಕಸುಬಿನ ಚಾಕಚಕ್ಯತೆ ಎಂದೇ ಅನಿಸಿತ್ತು. ಈ ಸಾಲಿಗೆ ಅದಕ್ಕಿಂತ ದೊಡ್ಡ ತೂಕ ಇದೆಯೆಂದು ತಿಳಿಸಿಕೊಟ್ಟವನು ಊರಿನ ಇನ್ನೊಂದು ತುದಿಯ ಹುಡುಗ. ಕಾಲೋನಿಯವನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನಂಜನಗೂಡಿನ ಕಡೆ ಔಷಧ ತಯಾರಿಕೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವನು ಜಗಲಿಗೆ ಬರಲಿಲ್ಲ, ಫೋನ್ ಮಾಡಿದ. ಅವನ ಸಾಲಿನಲ್ಲಿ ತಿದ್ದುವಂಥದ್ದು ಹೆಚ್ಚಿರಲಿಲ್ಲ: 'ಕ್ವಾಲಿಟಿ ಕಂಟ್ರೋಲ್ ಕೆಮಿಸ್ಟ್ | ಎಚ್‌ಪಿಎಲ್‌ಸಿ, ಸ್ಟೆಬಿಲಿಟಿ ಟೆಸ್ಟಿಂಗ್ | ಎಂ.ಎಸ್ಸಿ. ಕೆಮಿಸ್ಟ್ರಿ.' ಚೆನ್ನಾಗಿದೆ ಎಂದೆ. ಅವನು ಸ್ವಲ್ಪ ತಡೆದು ಹೇಳಿದ: 'ಇದ್ರಲ್ಲಿ ನಮ್ಮಪ್ಪನ ಹೆಸರಿಲ್ಲ, ಬೀದಿ ಇಲ್ಲ. ಅದಕ್ಕೇ ನಂಗೆ ಇಷ್ಟ ಅಕ್ಕ.'

ಬಸ್ ಸ್ಟ್ಯಾಂಡಿನ ಮೂರನೆಯ ಪ್ರಶ್ನೆ ನನಗೆ ಎಂದೂ ಮುಳ್ಳಾಗಿ ಚುಚ್ಚಿರಲಿಲ್ಲ. ಬೀದಿಯ ಹೆಸರು ಹೇಳಿದರೆ ಪಕ್ಕದವರು ಇನ್ನಷ್ಟು ಹತ್ತಿರ ಸರಿದು, ಅಪ್ಪನ ಕ್ಷೇಮ ವಿಚಾರಿಸುತ್ತಿದ್ದರು. ಅವನು ಅದೇ ಬೆಂಚಿನಲ್ಲಿ ಅದೇ ಪ್ರಶ್ನೆಗೆ ಉತ್ತರ ಕೊಟ್ಟಾಗ ಪಕ್ಕದವರು ಸ್ವಲ್ಪ ದೂರ ಸರಿದಿರುತ್ತಾರೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ಹೇಳುವ ಅವಕಾಶ ಅವನಿಗೆ ಸಿಕ್ಕಿದ್ದು ಆ ಲ್ಯಾಬಿಗೆ ಸೇರಿದ ಮೇಲೆ, ಆ ಸಾಲು ಬರೆದ ಮೇಲೆ. ಹೆಸರು, ಊರು, ಕಾಲೇಜು ನೋಡಿ ಜಾತಿ ಅಳೆಯುವವರು ಅಲ್ಲೂ ಇದ್ದಾರೆ, ಗುರುತಿನವರ ಶಿಫಾರಸಿನಿಂದಲೇ ಭರ್ತಿಯಾಗುವ ಹುದ್ದೆಗಳೂ ಬೇಕಾದಷ್ಟಿವೆ. ಹಾಗಿದ್ದರೂ ಎಚ್‌ಪಿಎಲ್‌ಸಿ ಎಂಬ ಪರೀಕ್ಷಾ ವಿಧಾನ ಬಲ್ಲವರು ಬೇಕೆಂದು ಯಾರಾದರೂ ಒತ್ತಿದಾಗ ಮೇಲೆ ಬರುವುದು ಅವನ ಕೆಲಸ, ಅವನ ಬೀದಿಯಲ್ಲ. ಅವನು ಪದಗಳನ್ನು ಅಷ್ಟು ಅಳೆದು ಇಟ್ಟಿದ್ದು ಏಕೆಂದು ಆಗ ತಿಳಿಯಿತು. ಅಂಥ ಸಾಲಿನಲ್ಲಿ ಒಂದು ಪದವನ್ನೂ 'ಡೈನಾಮಿಕ್' ಎಂಬುದಕ್ಕೆ ಕಳೆಯಲು ಅವನಿಗೆ ಮನಸ್ಸಿರಲಿಲ್ಲ.

ಕೆಲವರ ಹೆಸರಿನ ಮುಂದಿನ ಸಾಲನ್ನು ಜನರೇ ಬರೆದಿದ್ದಾರೆ. ಮಂಡ್ಯದ ಕೆ.ವಿ. ಶಂಕರಗೌಡರನ್ನು ಜನ ಕರೆದದ್ದು 'ನಿತ್ಯಸಚಿವ' ಎಂದು. 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಆಗುವುದಕ್ಕೆ ಕಾರಣರಾದವರು ಅವರು. ನಮ್ಮ ಸುತ್ತಿನ ಎಷ್ಟು ಹುಡುಗರ ಹೆಡ್‌ಲೈನಿನಲ್ಲಿ ಆ ಕಾಲೇಜಿನ ಹೆಸರಿದೆಯೋ ಲೆಕ್ಕವಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಬಾಳಿನ ಬಹುಭಾಗ ಸರ್ಕಾರಿ ನೌಕರಿಯಲ್ಲಿ ಕಳೆದವರು. 1942ರಲ್ಲಿ 'ಮೈಸೂರು ಮಲ್ಲಿಗೆ' ಹೊರಬಂದ ಮೇಲೆ ಜನ ಅವರನ್ನು ಮಲ್ಲಿಗೆಯ ಕವಿ ಎಂದರು, ನೌಕರಿಯ ಹುದ್ದೆ ಯಾರಿಗೂ ನೆನಪಿಲ್ಲ. ಇಂಥ ಬಿರುದನ್ನು ಯಾರೂ ತಮಗೆ ತಾವೇ ಬರೆದುಕೊಳ್ಳಲಾಗದು. 'ಥಾಟ್ ಲೀಡರ್', 'ವಿಷನರಿ' ಎಂದು ಹಾಕಿಕೊಂಡವರನ್ನು ಕಂಡಾಗ ನನಗೆ ಸಂಕೋಚವಾಗುವುದು ಅದಕ್ಕೇ. ಅದು ಬೇರೆಯವರು ಹೇಳಬೇಕಾದ ಮಾತು. ನಾವೇ ಬರೆದುಕೊಳ್ಳುವ ಸಾಲಿನಲ್ಲಿ ಕೇಳಿದವರಿಗೆ ನಾಳೆಯೇ ತೋರಿಸಬಲ್ಲಂಥ ಮಾತು ಇರಬೇಕು. ಪ್ರೆಸ್ಸು ನಿಂತರೆ ಓಡಿಸಬಲ್ಲೆ ಎಂದರೆ ಪ್ರೆಸ್ಸಿನ ಮುಂದೆ ನಿಲ್ಲಿಸಿ ನೋಡಬಹುದು. ವಿಷನರಿ ಎಂದರೆ ಯಾರ ಮುಂದೆ ನಿಲ್ಲಿಸುವುದು?

ಸಾಲು ಒಮ್ಮೆ ಬರೆದರೆ ಮುಗಿಯಿತೆಂದೂ ಇಲ್ಲ. ಪುಟ್ಟಣ್ಣಯ್ಯನವರ ಮಗ ದರ್ಶನ್ ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದವರು. ತಂದೆ ಹೋದ ಮೇಲೆ 2018ರಲ್ಲಿ ಮೇಲುಕೋಟೆಯಿಂದ ನಿಂತು ಸೋತರು, 2023ರಲ್ಲಿ ಗೆದ್ದು ಶಾಸಕರಾದರು. ಅಷ್ಟು ದೊಡ್ಡ ತಿರುವು ಎಲ್ಲರ ಬಾಳಿನಲ್ಲೂ ಬರುವುದಿಲ್ಲ, ಆದರೆ ಸಣ್ಣ ತಿರುವುಗಳು ಎಲ್ಲರಿಗೂ ಇವೆ. ಟೆಕ್ನಿಷಿಯನ್ ಆಗಿದ್ದವನು ಪಾಳಿಯ ಮೇಲ್ವಿಚಾರಕನಾಗುತ್ತಾನೆ, ಪ್ರೆಸ್ ಬಿಟ್ಟು ರೋಬೊ ಕಲಿಯುತ್ತಾನೆ. ಸಾಲು ಮಾತ್ರ ಕಾಲೇಜು ಬಿಟ್ಟ ವರ್ಷದಲ್ಲೇ ನಿಂತಿರುತ್ತದೆ. ಕೆಲಸ ಬದಲಾದಾಗ, ಹೊಸದೊಂದು ಕೈಗೆ ಹತ್ತಿದಾಗ ತೆರೆದು ತಿದ್ದಬೇಕು. ತಿದ್ದಿದ ಮೇಲೆ ಆ ಕಸುಬಿನ ಗಂಧ ಇಲ್ಲದ ಯಾರಿಗಾದರೂ ಓದಿ ಹೇಳಿ, ನಾನೇನು ಮಾಡುತ್ತೇನೆಂದು ಗೊತ್ತಾಯಿತಾ ಎಂದು ಕೇಳಬೇಕು. ಅವರು 'ಏನೋ ದೊಡ್ಡ ಕೆಲಸ ಇರ್ಬೇಕು' ಎಂದರೆ ಸಾಲು ಇನ್ನೂ ಕೂತಿಲ್ಲ ಎಂದೇ ಅರ್ಥ.

ಹಳ್ಳಿಯಿಂದ ಹೊರಟವರಿಗೆ ಅಪ್ಪನ ಜಮೀನು, ಮನೆತನ, ಊರಿನ ಹೆಸರು ಇವೆಲ್ಲ ಹುಟ್ಟಿದ ದಿನವೇ ಸಿಕ್ಕಿರುತ್ತವೆ, ಅಥವಾ ಸಿಕ್ಕದೆ ಹೋಗಿರುತ್ತವೆ. ಎರಡರಲ್ಲೂ ನಮ್ಮ ಪಾಲು ಏನೂ ಇಲ್ಲ. ಕೈಗೆ ಹತ್ತಿದ ಕೆಲಸವೊಂದೇ ಸ್ವಂತ ದುಡಿಮೆ. ಅದನ್ನು ಹೇಳಿಕೊಳ್ಳಲು 220 ಅಕ್ಷರಗಳ ಒಂದು ಸಾಲು ಸಿಕ್ಕಿರುವಾಗ ಅದರಲ್ಲಿ ಎರವಲು ಮಾತು ತುಂಬಿಸುವುದು ಸಂಪಾದಿಸಿದ್ದನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಅದಕ್ಕೇ ಈಗಲೂ ಯಾರಾದರೂ ಮೊಬೈಲು ಚಾಚಿದರೆ ನಾನು ಮೊದಲು ಅದನ್ನು ನೋಡುವುದಿಲ್ಲ. 'ಅದನ್ನ ಅತ್ಲಾಗಿಡು, ನಿಂಗೇನ್ ಕೆಲಸ ಬತ್ತದೆ ಹೇಳು' ಎನ್ನುತ್ತೇನೆ. ಬಹಳ ಮಂದಿ ಅಲ್ಲಿಯೇ, ತಮಗೇ ಗೊತ್ತಿಲ್ಲದೆ, ಸಾಲು ಹೇಳಿ ಮುಗಿಸಿರುತ್ತಾರೆ.